ಬೋಲ್ಟಿನ ನಯವೂ ಬೋಲ್ಟಿನ ಗುಣವೂ

ಖಂಡೇನವಮಿಯ ದಿನ ನಮ್ಮ ನಂದಗಡದಲ್ಲಿ ಕೊಡಲಿ, ಕುಡಗೋಲು, ನೇಗಿಲ ಕುಳಗಳೊಡನೆ ಪರವಾನಿಗೆಯುಳ್ಳ ಮನೆಗಳ ಬಂದೂಕುಗಳೂ ಪೂಜೆಗೆ ಬರುವುದುಂಟು. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಪೂಜೆಯ ತರುವಾಯ ನೆರೆಮನೆಯ ಹಿರಿಯರೊಬ್ಬರು ತಮ್ಮ ತಂದೆಯ ಕಾಲದ ಬೇಟೆಯ ರೈಫಲ್ಲನ್ನು ನಮ್ಮ ಮುಂದಿಟ್ಟರು. ಖಾನಾಪುರದ ಕಾಡುಗಳಲ್ಲಿ ಬೇಟೆಗೆ ಅಷ್ಟಾಗಿ ಅಡ್ಡಿಯಿಲ್ಲದಿದ್ದ ದಿನಗಳ ವಸ್ತು ಅದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಂತಿತು. ೨೦೧೧ರಲ್ಲಿ ಭೀಮಗಡವು ವನ್ಯಜೀವಿಧಾಮವೂ ಆಯಿತು. ರೈಫಲ್ಲು ಮಾತ್ರ ವರ್ಷಕ್ಕೊಮ್ಮೆ ಕುಂಕುಮ ಹಚ್ಚಿಸಿಕೊಂಡು ಪೆಟ್ಟಿಗೆಯಲ್ಲಿ ಉಳಿದಿತ್ತು. ಹಿರಿಯರ ಮೊಮ್ಮಗನಿಗೆ ಗುರಿ ಹೊಡೆಯುವ ಪಂದ್ಯಗಳಲ್ಲಿ ಆಸಕ್ತಿ. ಹಳೆಯ ರೈಫಲ್ಲಿನ ಬೋಲ್ಟನ್ನೂ ಅದು ಕೂಡುವ ಉಕ್ಕಿನ ಗೂಡನ್ನೂ ಉಳಿಸಿಕೊಂಡು, ಹೊಸ ನಳಿಗೆ, ಹೊಸ ಮರದ ಹಿಡಿ, ಹೊಸ ಗುರಿಕಣ್ಣು ಹಾಕಿಸಿ, ತನ್ನ ಮೈಕಟ್ಟಿಗೆ ಹೇಳಿ ಮಾಡಿಸಿದಂತಹ ಪಂದ್ಯದ ರೈಫಲ್ಲೊಂದನ್ನು ಸಿದ್ಧಪಡಿಸಬೇಕೆಂಬುದು ಅವನ ಬಯಕೆಯಾಗಿತ್ತು.

"ಜರ್ಮನಿ ಉಕ್ಕು ಇದು. ಎಳದ ನೋಡ್ರಿ, ಬೆಣ್ಣಿ ಸವರಿದಂಗ ಜಾರತೈತಿ. ಇದರ ಮ್ಯಾಲೆ ಹೊಸಾ ನಳಗಿ ಹಾಕ್ಸಾಕ ಏನ ಅಡ್ಡಿ? ನೀವು ಫಿಜಿಕ್ಸ್ ಮಾಸ್ತರ ಅದೀರಿ, ನೀವ ಹೇಳ್ರಿ" ಎಂದರು ಹಿರಿಯರು.

ನಾವು ಬೋಲ್ಟನ್ನು ಹಿಂದಕ್ಕೆಳೆದೆವು, ಮುಂದಕ್ಕೆ ತಳ್ಳಿದೆವು, ತಿರುಗಿಸಿದೆವು. ನಿಜವಾಗಿಯೂ ಬೆಣ್ಣೆಯೇ. "ಚಲೋ ಐತಿ ಕಾಕಾ, ಹಾಕಸ್ರಿ" ಎಂದುಬಿಟ್ಟೆವು. ಆ ನಾಲ್ಕು ಪದಗಳಿಗಾಗಿ ನಾವು ಇಂದಿಗೂ ನಾಚುತ್ತೇವೆ. ಏಕೆ ನಾಚಬೇಕಾಯಿತೆಂಬುದನ್ನು ವಿದ್ಯಾರ್ಥಿಗಳಾದ ವಾಚಕರ ಮುಂದೆ ಬಿಚ್ಚಿಡುವುದೇ ಈ ಲೇಖನದ ಉದ್ದೇಶ.

ಬೋಲ್ಟೆಂದರೇನೆಂಬುದನ್ನು ಮೊದಲು ಅರಿಯೋಣ. ಬಾಗಿಲ ಚಿಲಕವನ್ನು ಕಂಡವರಿಗೆ ಇದು ಕಷ್ಟವಲ್ಲ. ಚಿಲಕದ ಸಲಾಕೆಯನ್ನು ಮುಂದಕ್ಕೆ ತಳ್ಳಿ ಅದರ ಹಿಡಿಯನ್ನು ಕೆಳಕ್ಕೆ ತಿರುಗಿಸಿದರೆ ಬಾಗಿಲು ಭದ್ರವಾಗುವುದಷ್ಟೆ. ರೈಫಲ್ಲಿನ ಬೋಲ್ಟೂ ಹಾಗೆಯೇ. ಮುಂದಕ್ಕೆ ತಳ್ಳುವಾಗ ಅದು ತೋಟಾವನ್ನು ನಳಿಗೆಯ ಹಿಂಬದಿಗೆ ಸೇರಿಸುತ್ತದೆ. ತಿರುಗಿಸಿದಾಗ ಅದರ ಮೈಮೇಲಿನ ದಪ್ಪ ಹಲ್ಲುಗಳು ಗೂಡಿನ ಒಳಗೋಡೆಯ ಕಚ್ಚುಗಳಲ್ಲಿ ಹೊಕ್ಕು ಹಿಂದಕ್ಕೆ ಸರಿಯದಂತೆ ನಿಲ್ಲುತ್ತವೆ. ಬೋಲ್ಟು, ಗೂಡು ಇವೆರಡೂ ಕೂಡಿದ್ದಕ್ಕೆ ಆ್ಯಕ್ಷನ್ ಎಂದು ಹೆಸರು. ಕಿತ್ತೂರಿನ ಯುದ್ಧ ನಡೆದ ೧೮೨೪ರಲ್ಲಿ ಸೈನಿಕರ ಕೈಯಲ್ಲಿದ್ದ ಬಂದೂಕುಗಳಿಗೆ ಇಂತಹ ಬಾಗಿಲೇ ಇರಲಿಲ್ಲ. ನಳಿಗೆಯ ಹಿಂಬದಿ ಶಾಶ್ವತವಾಗಿ ಮುಚ್ಚಿರುತ್ತಿತ್ತು. ಮದ್ದನ್ನೂ ಗುಂಡನ್ನೂ ಬಾಯಿಯಿಂದ ತುಂಬಿ ಗಜದಿಂದ ಜಡಿಯಬೇಕಾಗಿತ್ತು. ಸಂಗೊಳ್ಳಿ ರಾಯಣ್ಣನನ್ನು ನಮ್ಮ ನಂದಗಡದಲ್ಲಿ ಗಲ್ಲಿಗೇರಿಸಿದುದು ೧೮೩೧ರ ಜನವರಿಯಲ್ಲಿ. ಅದಾದ ಐದು ವರ್ಷಕ್ಕೆ ಪ್ರಷ್ಯದ ಡ್ರೈಸೆ ಎಂಬ ಕುಶಲಿಯು ಹಿಂಬದಿಯಿಂದ ತೋಟಾ ತುಂಬಿ ಚಿಲಕದಿಂದ ಮುಚ್ಚುವ ಬಂದೂಕನ್ನು ರೂಪಿಸಿದನು. ಅಲ್ಲಿಂದ ಬೆಳೆದ ವಂಶದಲ್ಲಿ ಎರಡು ಕುಡಿಗಳು ನಮಗೆ ಪರಿಚಿತವಾದುವು: ಒಂದು, ಆಂಗ್ಲರ ಸೈನ್ಯ ೧೮೯೫ರಲ್ಲಿ ಸ್ವೀಕರಿಸಿದ ಲೀ-ಎನ್‌ಫೀಲ್ಡ್, ಇನ್ನೊಂದು, ಜರ್ಮನಿಯ ಮೌಸರನ ೧೮೯೮ರ ಮಾದರಿ. ಬೆಳಗಾವಿಯ ಮರಾಠಾ ಲಘು ಪದಾತಿ ದಳದಲ್ಲಿ ದುಡಿದು ಬಂದ ನಮ್ಮ ಕಡೆಯ ಹಳೆಯ ಸೈನಿಕರು "ತ್ರೀ ನಾಟ್ ತ್ರೀ" ಎಂದು ಅಕ್ಕರೆಯಿಂದ ಕರೆಯುವುದು ಮೊದಲನೆಯದನ್ನು. ನೆರೆಮನೆಯ ರೈಫಲ್ಲು ಎರಡನೆಯ ಕುಡಿಗೆ ಸೇರಿದ್ದಾಗಿತ್ತು.

ಹೇಳಿ ಮಾಡಿಸುವ ರೈಫಲ್ಲಿನಲ್ಲಿ ನಳಿಗೆ, ಹಿಡಿ, ಗುರಿಕಣ್ಣು ಎಲ್ಲವೂ ಹೊಸದಾಗಿ ಬರಬಹುದು. ಹಳೆಯದಾಗಿ ಉಳಿಯುವುದು ಆ್ಯಕ್ಷನ್ ಒಂದೇ. ಮೇಲಿನದನ್ನೆಲ್ಲ ಹೊರುವುದೂ ಅದೇ. ಆದಕಾರಣ ಅದರ ಆಯ್ಕೆಯಲ್ಲಿ ತಪ್ಪಿದವನಿಗೆ ಮುಂದಿನ ಯಾವ ಕುಶಲತೆಯೂ ನೆರವಾಗದು.

ಅದು ಹೊರುವ ಭಾರವಾದರೂ ಎಷ್ಟು? ೭.೬೨ ಮಿಲಿಮೀಟರಿನ ಸೈನಿಕ ತೋಟಾ ಸಿಡಿದಾಗ ಒಳಗೆ ಹುಟ್ಟುವ ಗರಿಷ್ಠ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು ೪೧೦೦ ಮಡಿ. ಹಿತ್ತಾಳೆಯ ಕೋಶದ ಒಳವ್ಯಾಸವನ್ನು ಸ್ಥೂಲವಾಗಿ ೧೦ ಮಿಲಿಮೀಟರೆಂದು ಹಿಡಿದರೆ ಅದರ ತಳದ ವಿಸ್ತೀರ್ಣ ೭೮ ಚದರ ಮಿಲಿಮೀಟರಿನಷ್ಟು. ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿರಿ. ಬರುವ ಬಲ ೩೨,೦೦೦ ನ್ಯೂಟನ್ನಿಗೂ ಮಿಕ್ಕುತ್ತದೆ. ಮೂರು ಟನ್ನಿಗೂ ಹೆಚ್ಚಿನ ಭಾರವೊಂದು ಒಂದೆರಡು ಮಿಲಿಸೆಕೆಂಡುಗಳ ಮಟ್ಟಿಗೆ ಬೋಲ್ಟಿನ ಮೇಲೆ ಎರಗಿದಂತೆ. ಕೋಶವು ಗೋಡೆಗೆ ಒತ್ತಿಕೊಂಡು ಹಿಡಿಯುವುದರಿಂದ ಇದರಲ್ಲಿ ಒಂದು ಪಾಲು ಕಡಿಮೆಯಾಗುವುದು ನಿಜ. ಆದರೆ ಕೋಶಕ್ಕೆ ಎಣ್ಣೆಯೋ ನೀರೋ ತಗುಲಿದ್ದರೆ ಆ ರಿಯಾಯಿತಿಯೂ ಇಲ್ಲ. ಬೋಲ್ಟಿನ ಹಿಂದೆ, ಒಂದು ಗೇಣು ದೂರದಲ್ಲಿ, ಗುರಿ ಹಿಡಿದವನ ಕಣ್ಣಿರುತ್ತದೆ ಎಂಬುದನ್ನು ನೆನೆದರೆ ಈ ಲೆಕ್ಕ ಬರಿಯ ಪರೀಕ್ಷೆಯ ಲೆಕ್ಕವಾಗಿ ಉಳಿಯುವುದಿಲ್ಲ.

ಇನ್ನು ನಮ್ಮ ಬೆಣ್ಣೆಯ ಮಾತಿಗೆ ಬರೋಣ. ಬೋಲ್ಟನ್ನು ಹಿಂದೆ ಮುಂದೆ ಆಡಿಸುವಾಗ ನಮ್ಮ ಕೈ ಅರಿಯುವುದೇನನ್ನು? ಬೋಲ್ಟಿನ ಮೈಗೂ ಗೂಡಿನ ಹಳಿಗಳಿಗೂ ನಡುವಣ ಘರ್ಷಣೆಯನ್ನು. ಅದು ಕೆಲವೇ ನ್ಯೂಟನ್ನುಗಳ ಸಂಗತಿ. ಆ್ಯಕ್ಷನ್ನಿನ ಯೋಗ್ಯತೆ ನಿರ್ಧಾರವಾಗುವುದು ಮೂವತ್ತು ಸಾವಿರ ನ್ಯೂಟನ್ನುಗಳ ಬಲ ಎರಗಿದಾಗ, ಅದೂ ಹಳಿಗಳಲ್ಲಲ್ಲ, ಹಲ್ಲುಗಳಲ್ಲಿ. ಹೀಗಿರಲು ಮೊದಲನೆಯದರಿಂದ ಎರಡನೆಯದನ್ನು ಊಹಿಸುವುದು ಕಾಯಿಪಲ್ಲೆಯ ತಕ್ಕಡಿಯಿಂದ ಸಕ್ಕರೆ ಕಾರ್ಖಾನೆಯ ಕಬ್ಬಿನ ಗಾಡಿಯನ್ನು ತೂಗಲು ಹೋದಂತೆ. ಎನ್.ಸಿ.ಸಿ. ಶಿಬಿರದಲ್ಲಿ .೨೨ ರೈಫಲ್ಲಿನಿಂದ ಗುಂಡು ಹಾರಿಸಿದ ವಿದ್ಯಾರ್ಥಿಗಳು ಇದನ್ನು ಇನ್ನೊಂದು ಬಗೆಯಲ್ಲಿ ಕಂಡಿರಬಹುದು: ಸಲೀಸಾಗಿ ಜಾರುವ ಬೋಲ್ಟಿನ ರೈಫಲ್ಲಿಗಾಗಿ ನೂಕಾಟ ನಡೆಯುತ್ತದೆ, ಗುಂಡುಗಳು ಮಾತ್ರ ಅದರಿಂದಲೂ ಹಲಗೆಯ ಮೂಲೆಮೂಲೆಗೆ ಹೋಗುತ್ತವೆ. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಆ ನೂಕಾಟದಲ್ಲಿ ನಾವೂ ಗೆದ್ದು, ಹಲಗೆಯಲ್ಲಿ ಸೋತದ್ದುಂಟು.

ಹಲ್ಲುಗಳ ವಿಷಯ ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಮೌಸರಿನಲ್ಲಿ ಭಾರ ಹೊರುವ ಎರಡು ಹಲ್ಲುಗಳು ಬೋಲ್ಟಿನ ಮುಂತುದಿಯಲ್ಲಿ, ತೋಟಾದ ಬೆನ್ನಿಗೇ ಇರುತ್ತವೆ. ಅವು ಕೈಕೊಟ್ಟರೆ ಇರಲೆಂದು ಹಿಂದೆ ಮೂರನೆಯದೊಂದು ಕಾವಲಿಗಿದೆ. ಲೀ-ಎನ್‌ಫೀಲ್ಡಿನ ಹಲ್ಲುಗಳಾದರೋ ಬೋಲ್ಟಿನ ಹಿಂಭಾಗದಲ್ಲಿವೆ. ಆದ್ದರಿಂದ ಸಿಡಿತದ ಬಲ ಹಲ್ಲನ್ನು ಮುಟ್ಟುವ ಮೊದಲು ಬೋಲ್ಟಿನ ಉದ್ದಕ್ಕೂ ಹಾದು ಅದನ್ನು ಕುಗ್ಗಿಸುತ್ತದೆ. ಉಕ್ಕು ಕುಗ್ಗುವುದೆ ಎಂದು ಕೇಳುವವರು ಹುಕ್ಕನ ನಿಯಮವನ್ನು ನೆನೆಯಬೇಕು. ಹತ್ತು ಸೆಂಟಿಮೀಟರ್ ಉದ್ದದ, ಒಂದೂವರೆ ಚದರ ಸೆಂಟಿಮೀಟರ್ ಅಡ್ಡಕೊಯ್ತದ ಉಕ್ಕಿನ ಸಲಾಕೆಯ ಮೇಲೆ ೩೦,೦೦೦ ನ್ಯೂಟನ್ ಬಲ ಬಿದ್ದರೆ ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಕುಗ್ಗುತ್ತದೆ. ಇಷ್ಟೇತಾನೆ ಎನ್ನಬೇಡಿ. ತೋಟಾ ಕೂಡುವ ಜಾಗ ಸರಿಯಾದ ಉದ್ದವಿದೆಯೆ ಎಂದು ನೋಡಲು ಬಂದೂಕಿನ ಕುಶಲಿಗರು ಬಳಸುವ ಎರಡು ಅಳತೆಗಟ್ಟಿಗಳಿವೆ. ಒಂದರ ಮೇಲೆ ಬೋಲ್ಟು ಮುಚ್ಚಿಕೊಳ್ಳಬೇಕು, ಇನ್ನೊಂದರ ಮೇಲೆ ಮುಚ್ಚಿಕೊಳ್ಳಬಾರದು. ೭.೬೨ರ ವರ್ಗದ ತೋಟಾಗಳಿಗೆ ಆ ಎರಡು ಗಟ್ಟಿಗಳ ನಡುವಣ ಅಂತರವೂ ಸುಮಾರು ಅಷ್ಟೇ, ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಯೋಗ್ಯ ಮತ್ತು ಅಯೋಗ್ಯಗಳ ನಡುವಣ ಗೆರೆ ಒಂದು ತಲೆಗೂದಲಿನ ದಪ್ಪದಷ್ಟು ಎಂದಾಯಿತು. ಇದನ್ನು ಅರಿಯುವ ಬೆರಳು ಯಾರಿಗಿದೆ?

ಎರಡು ಹಲ್ಲುಗಳಲ್ಲಿ ಒಂದೇ ಮುಟ್ಟಿಕೊಂಡು ಇನ್ನೊಂದು ಗಾಳಿಯಲ್ಲಿದ್ದರೆ ಎರಡು ಎತ್ತಿನ ಬಂಡಿಯ ಭಾರವನ್ನು ಒಂದೇ ಎತ್ತಿನ ಹೆಗಲಿಗೆ ಹಾಕಿದಂತಾಗುತ್ತದೆ. ಹಲ್ಲಿನ ಮೇಲಣ ಪೀಡನ ಇಮ್ಮಡಿಸುವುದಲ್ಲದೆ, ಬೋಲ್ಟು ಪ್ರತಿ ಹೊಡೆತಕ್ಕೂ ಒಂದು ಪಕ್ಕಕ್ಕೆ ಬಾಗಲೆತ್ನಿಸುತ್ತದೆ. ಗುಂಡು ಗುರಿ ತಪ್ಪುವುದಕ್ಕೂ ಇದು ಕಾರಣ. ಇದನ್ನು ಕಂಡುಹಿಡಿಯುವ ಉಪಾಯ ಮಾತ್ರ ತೀರ ಸರಳ. ಹಲ್ಲುಗಳ ಹಿಮ್ಮೈಗೆ ದೀಪದ ಕಾಡಿಗೆ ಹಿಡಿಸಿ ಬೋಲ್ಟನ್ನು ಕೆಲವು ಬಾರಿ ಮುಚ್ಚಿ ತೆರೆದರೆ, ಮುಟ್ಟುವ ಹಲ್ಲಿನ ಕಾಡಿಗೆ ಅಳಿಸಿಹೋಗುತ್ತದೆ. ಮುಟ್ಟದ ಹಲ್ಲು ಕಪ್ಪಾಗಿಯೇ ಉಳಿಯುತ್ತದೆ. ಕಾಡಿಗೆಯ ಪದರ ಎಷ್ಟು ತೆಳುವೋ ಪರೀಕ್ಷೆ ಅಷ್ಟು ಸೂಕ್ಷ್ಮ. ಪರವಾನಿಗೆ ಪಡೆದ ಕುಶಲಿಗನೊಬ್ಬನು ಹಿರಿಯರ ರೈಫಲ್ಲಿಗೆ ಮೊದಲು ಮಾಡಿದ ಪರೀಕ್ಷೆ ಇದೇ. ಒಂದು ಹಲ್ಲು ಬೆಳ್ಳಗೆ ಹೊಳೆಯಿತು, ಇನ್ನೊಂದು ಕಾಡಿಗೆ ಮೆತ್ತಿಕೊಂಡು ಹಾಗೆಯೇ ಕುಳಿತಿತ್ತು. ಮೊಮ್ಮಗ ಬಂದು ಈ ಸುದ್ದಿ ಹೇಳಿದಾಗ ನಮಗಾದ ಮುಖಭಂಗವನ್ನು ವಾಚಕರು ಊಹಿಸಿಕೊಳ್ಳಬಹುದು.

ಇಷ್ಟಾದರೂ ಇದು ಆಕಾರದ ದೋಷ, ಅಳೆದರೆ ಕಾಣುವಂಥದ್ದು. ಕಣ್ಣಿಗೆ ಕಾಣದ ದೋಷ ಉಕ್ಕಿನ ಒಳಗಿರುತ್ತದೆ. ಈ ವಿಷಯದಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಕಥೆ ಪ್ರತಿಯೊಬ್ಬ ಭೌತಶಾಸ್ತ್ರದ ವಿದ್ಯಾರ್ಥಿಗೂ ತಿಳಿದಿರಬೇಕೆಂದು ನಮ್ಮ ಮತ.

ಅಲ್ಲಿ ೧೯೦೩ರ ಮಾದರಿಯೆಂಬ ರೈಫಲ್ಲು ತಯಾರಾಗುತ್ತಿತ್ತು. ಮೌಸರಿನ ತತ್ತ್ವಗಳನ್ನೇ ಅನುಸರಿಸಿದ, ನೋಡಲು ಅತಿ ಸುಂದರವಾದ ಕೆಲಸ. ೧೯೧೭ರಲ್ಲಿ, ಅಮೆರಿಕೆ ಮಹಾಯುದ್ಧಕ್ಕಿಳಿದ ವರ್ಷ, ಕೆಲವು ರೈಫಲ್ಲುಗಳ ಗೂಡುಗಳು ಗುಂಡು ಹಾರಿಸುವಾಗ ಚೂರುಚೂರಾದುವು. ಕಾರಣವನ್ನು ಹುಡುಕಿದಾಗ ತಿಳಿದುದಿಷ್ಟು: ಕುಲುಮೆಯಲ್ಲಿ ಉಕ್ಕಿನ ಕಾವನ್ನು ಅದರ ಬಣ್ಣ ನೋಡಿ ನಿರ್ಣಯಿಸುತ್ತಿದ್ದರು. ನಿರ್ಣಯಿಸುತ್ತಿದ್ದವರು ಹೊಸಬರಲ್ಲ, ವರ್ಷಗಟ್ಟಲೆ ಬೆಂಕಿಯ ಮುಂದೆ ದುಡಿದು ಕಣ್ಣು ಪಳಗಿದವರು. ಆದರೆ ಮೋಡ ಕವಿದ ದಿನ ಕೆಂಡದಂತೆ ಕಾಣುವ ಉಕ್ಕು, ಬಿಸಿಲು ಪ್ರಖರವಾಗಿದ್ದ ದಿನ ಮಸುಕಾಗಿ ಕಾಣುತ್ತದೆ. ಇನ್ನೂ ಕಾಯಲಿ ಎಂದು ಅವರು ಬಿಡುತ್ತಿದ್ದರು. ಹೀಗೆ ಬಿಸಿಲಿನ ದಿನದ ಉಕ್ಕು ಮೋಡದ ದಿನದ ಉಕ್ಕಿಗಿಂತ ೩೦೦ ಡಿಗ್ರಿ ಫ್ಯಾರನ್‌ಹೈಟಿನವರೆಗೂ, ಎಂದರೆ ಸುಮಾರು ೧೬೫ ಡಿಗ್ರಿ ಸೆಲ್ಸಿಯಸಿನಷ್ಟು, ಹೆಚ್ಚು ಕಾದಿರುತ್ತಿತ್ತೆಂದು ಅಳತೆಯಿಂದ ಗೊತ್ತಾಯಿತು. ಅತಿಯಾಗಿ ಕಾದ ಉಕ್ಕಿನ ಕಣಗಳು ದೊಡ್ಡವಾಗಿ, ಅದು ಗಾಜಿನಂತೆ ಪೆಡಸಾಗುತ್ತದೆ.

ಇದರಲ್ಲಿ ನಮ್ಮನ್ನು ಹೆಚ್ಚು ಯೋಚನೆಗೀಡುಮಾಡುವ ಸಂಗತಿಯೆಂದರೆ, ಆ ಗೂಡುಗಳೆಲ್ಲವೂ ಕಾರ್ಖಾನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದುವು. ವಾಡಿಕೆಗಿಂತ ಬಹಳ ಹೆಚ್ಚಿನ ಒತ್ತಡದ ತೋಟಾವನ್ನು ಹಾರಿಸಿ ನೋಡಿಯೇ ಅವುಗಳನ್ನು ಹೊರಗೆ ಕಳುಹಿಸುತ್ತಿದ್ದರು. ಅಂತಹ ಹೊಡೆತಕ್ಕೆ ಬಗ್ಗದ ಗೂಡನ್ನು ಸುತ್ತಿಗೆಯಿಂದ ಬಡಿದರೆ ಒಡೆದುಹೋಗುತ್ತಿತ್ತು! ಗಡಸುತನ ಬೇರೆ, ಜಿಗುಟುತನ ಬೇರೆ ಎಂದು ತರಗತಿಯಲ್ಲಿ ನಾವು ಎಷ್ಟು ಬಾರಿ ಹೇಳಿದರೂ ತಲೆಗೆ ಹತ್ತದ ಮಾತು ಈ ಒಂದು ಉದಾಹರಣೆಯಿಂದ ಹತ್ತಬಹುದು. ಕೋಶವೊಂದು ಒಡೆದು ಬಿಸಿ ಅನಿಲ ಗೂಡಿನೊಳಕ್ಕೆ ನುಗ್ಗಿದರೆ, ಜಿಗುಟಾದ ಉಕ್ಕು ಉಬ್ಬಿ ಹಿಗ್ಗಿ ನಿಲ್ಲುತ್ತದೆ, ಪೆಡಸಾದದ್ದು ಸಿಡಿಯುತ್ತದೆ. ೧೯೧೮ರಲ್ಲಿ ಸ್ಪ್ರಿಂಗ್‌ಫೀಲ್ಡಿನವರು ಕುಲುಮೆಗಳಿಗೆ ಉಷ್ಣಮಾಪಕಗಳನ್ನು ಅಳವಡಿಸಿ, ಹದ ಕೊಡುವ ಕ್ರಮವನ್ನೇ ಬದಲಿಸಿದರು. ಅಂದಾಜು ೮ ಲಕ್ಷದ ಕ್ರಮಸಂಖ್ಯೆಗಿಂತ ಮುಂಚಿನ ಆ ರೈಫಲ್ಲುಗಳನ್ನು ತಿಳಿದವರು ಇಂದಿಗೂ ಸಂದೇಹದಿಂದಲೇ ನೋಡುತ್ತಾರೆ. ಈ ವೃತ್ತಾಂತವನ್ನು ಸೇನಾನಿ ಜೂಲಿಯನ್ ಹ್ಯಾಚರ್ ೧೯೪೭ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಫ್ರಾನ್ಸಿನ ಲ ಶಾತೆಲಿಯೇ ಕುಲುಮೆಯ ಕಾವನ್ನಳೆಯಲು ಪ್ಲಾಟಿನಂ ಉಷ್ಣಯುಗ್ಮವನ್ನು ರೂಪಿಸಿ ೧೯೧೭ಕ್ಕೆ ಮೂವತ್ತು ವರ್ಷಗಳಾಗಿದ್ದುವು ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಉಪಕರಣವಿರಲಿಲ್ಲವೆಂಬ ನೆಪಕ್ಕೂ ಎಡೆಯಿಲ್ಲ. ಪಳಗಿದ ಕಣ್ಣಿರುವಾಗ ಉಪಕರಣವೇಕೆ ಎಂಬ ಭಾವನೆಯೇ ಅಡ್ಡಬಂದಿರಬೇಕು.

ನಮ್ಮೂರ ಕಮ್ಮಾರನೂ ಕುಳ ಹಣಿಸುವಾಗ ಬಣ್ಣವನ್ನೇ ನೋಡುತ್ತಾನೆ. ಆದರೆ ಅವನ ಕುಲುಮೆ ಕತ್ತಲೆಯ ಮೂಲೆಯಲ್ಲಿರುತ್ತದೆ! ಇದು ಬರಿಯ ರೂಢಿಯಲ್ಲ, ಬೆಳಕು ಕಣ್ಣನ್ನು ಮೋಸಗೊಳಿಸುತ್ತದೆಂಬ ಅನುಭವ ಅದರಲ್ಲಿ ಅಡಗಿದೆ. ಕಮ್ಮಾರಿಕೆಯವರಲ್ಲಿ ಇನ್ನೊಂದು ಜಾಣತನವುಂಟು: ಕಾದ ಉಕ್ಕಿಗೆ ಅಯಸ್ಕಾಂತವನ್ನು ಹಿಡಿದು ನೋಡುವುದು. ಸುಮಾರು ೭೭೦ ಡಿಗ್ರಿ ಸೆಲ್ಸಿಯಸಿನಲ್ಲಿ ಕಬ್ಬಿಣ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ; ಬಿಸಿಲಿದ್ದರೇನು, ಮೋಡವಿದ್ದರೇನು, ಈ ಬಿಂದು ಕದಲುವುದಿಲ್ಲ. ನಾಲ್ಕಾಣೆಯ ಅಯಸ್ಕಾಂತವೂ ಉಪಕರಣವೇ.

ಹಿರಿಯರ ರೈಫಲ್ಲಿನ ಉಳಿದ ಕಥೆಯನ್ನು ಹೇಳಿಬಿಡೋಣ. ಮೌಸರನ ಆ ಕಾಲದ ಆ್ಯಕ್ಷನ್ನುಗಳಿಗೆ ಇಂಗಾಲ ಕಡಿಮೆಯಿರುವ, ಜಿಗುಟಾದ ಉಕ್ಕನ್ನು ಬಳಸಿ, ಅದರ ಮೇಲ್ಮೈಗೆ ಮಾತ್ರ ಇಂಗಾಲವನ್ನು ಹೀರಿಸಿ ಗಡಸುಗೊಳಿಸುತ್ತಿದ್ದರು. ಒಳಗೆ ಮೆದು, ಹೊರಗೆ ಗಡಸು, ತೆಂಗಿನಕಾಯಿಯ ಹಾಗೆ. ಒಳ್ಳೆಯ ಏರ್ಪಾಡೇ ಸರಿ. ಆದರೆ ಆ ಗಡಸು ಚರ್ಮದ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಹಿಂದೆ ಎಂದೋ ಯಾರೋ ಬೋಲ್ಟು ಸಲೀಸಾಗಿ ಜಾರಲೆಂದು ಸಾಣೆಕಾಗದದಿಂದ ಅದನ್ನೂ ಹಲ್ಲುಗಳನ್ನೂ ಚೆನ್ನಾಗಿ ತಿಕ್ಕಿದ್ದರು. ಭಾರ ಹೊರುತ್ತಿದ್ದ ಹಲ್ಲಿನ ಹಿಮ್ಮೈಯಲ್ಲಿ ಗಡಸುತನವನ್ನು ಅಳೆಸಿದಾಗ ಅಲ್ಲಿ ಚರ್ಮವೇ ಉಳಿದಿಲ್ಲವೆಂದು ತಿಳಿಯಿತು. ಮೆದುವಾದ ಒಳ ಉಕ್ಕು ಪ್ರತಿ ಹೊಡೆತಕ್ಕೂ ಸ್ವಲ್ಪಸ್ವಲ್ಪವೇ ಕುಸಿಯುತ್ತ ಬಂದು, ಮುಚ್ಚಿಕೊಳ್ಳಬಾರದ ಅಳತೆಗಟ್ಟಿಯ ಮೇಲೂ ಬೋಲ್ಟು ನಿರಾತಂಕವಾಗಿ ಮುಚ್ಚಿಕೊಂಡಿತು. ನಾವು ಮೆಚ್ಚಿದ ಆ ಬೆಣ್ಣೆಯಂತಹ ನಯವೇ ರೋಗದ ಲಕ್ಷಣವಾಗಿತ್ತು. ಹಳೆಯ ತೋಟಾದ ಒತ್ತಡಕ್ಕೇ ಹೀಗಾಗಿದ್ದ ಆ್ಯಕ್ಷನ್ನಿಗೆ ಹುಡುಗನು ಹಾಕಿಸಬೇಕೆಂದಿದ್ದುದು ಅದಕ್ಕೂ ಹೆಚ್ಚು ಒತ್ತಡದ ತೋಟಾಕ್ಕೆ ಹೊಂದುವ ನಳಿಗೆಯನ್ನು.

ಹೆಸರನ್ನು ನಂಬುವವರಿಗೂ ಒಂದು ಮಾತು. ಜರ್ಮನಿ ಉಕ್ಕೆಂಬ ಒಂದೇ ವಸ್ತು ಇಲ್ಲ. ಇಂತಹ ಕಾರ್ಖಾನೆಯ, ಇಂತಹ ವರ್ಷದ, ಇಂತಹ ಹದದ ಉಕ್ಕು ಎಂದಷ್ಟೇ ಹೇಳಬಹುದು. ಎರಡನೆಯ ಮಹಾಯುದ್ಧದ ಕೊನೆಗಾಲದ ಮೌಸರುಗಳ ಹೊರಮೈ ಉಳಿಯ ಗೀರುಗಳಿಂದ ಒರಟಾಗಿರುತ್ತದೆ. ಕೈಗೆತ್ತಿಕೊಂಡವನು ಮೂಗು ಮುರಿಯುತ್ತಾನೆ. ಆದರೂ ಅವುಗಳಲ್ಲಿ ಎಷ್ಟೋ ಆ್ಯಕ್ಷನ್ನುಗಳು ಗಟ್ಟಿಮುಟ್ಟಾಗಿವೆ. ೧೯೧೮ಕ್ಕೆ ಮುಂಚಿನ ಸ್ಪ್ರಿಂಗ್‌ಫೀಲ್ಡುಗಳು ಕನ್ನಡಿಯಂತೆ ಹೊಳೆಯುತ್ತವೆ. ನಮ್ಮ ದೇಶದ ಉದಾಹರಣೆಯೇ ಬೇಕೆಂದರೆ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯದಿದೆ. ೧೯೬೦ರ ದಶಕದಲ್ಲಿ ಅಲ್ಲಿ ಲೀ-ಎನ್‌ಫೀಲ್ಡಿನ ಹಳೆಯ ಆಕಾರವನ್ನೇ ಇಟ್ಟುಕೊಂಡು ೭.೬೨ರ ತೋಟಾಕ್ಕೆ ರೈಫಲ್ಲನ್ನು ಸಿದ್ಧಪಡಿಸಿದರು. .೩೦೩ರ ಗರಿಷ್ಠ ಒತ್ತಡ ವಾತಾವರಣದ ಸುಮಾರು ೩೬೦೦ ಮಡಿ, ೭.೬೨ರದು ಆಗಲೇ ಹೇಳಿದಂತೆ ೪೧೦೦. ಆದ್ದರಿಂದ ಹಳೆಯ .೩೦೩ರ ಗೂಡುಗಳಿಗೆ ಹೊಸ ನಳಿಗೆಯನ್ನು ತಿರುಪದೆ, ಇನ್ನೂ ಬಲವಾದ ಉಕ್ಕಿನಿಂದ ಹೊಸದಾಗಿಯೇ ಮಾಡಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಉಕ್ಕಿನ ಭೇದವನ್ನು ಯಾವ ಕಣ್ಣೂ ಹೇಳಲಾರದು. ಇದನ್ನರಿಯದೆ, ಅದು .೩೦೩ನ್ನೇ ಮಾರ್ಪಡಿಸಿದ್ದು ಎನ್ನುವವರು ಈಗಲೂ ಇದ್ದಾರೆ.

ಹಾಗಾದರೆ ಕೈಗೆ, ಕಣ್ಣಿಗೆ ಬೆಲೆಯೇ ಇಲ್ಲವೆ? ಇದೆ. ಆ ಕುಶಲಿಗನಿಗೆ ಕಾಡಿಗೆ ಹಿಡಿಸಿ ನೋಡಬೇಕೆಂದು ಹೊಳೆದುದೇ ಕೈಯಿಂದ: ಬೋಲ್ಟಿನ ಹಿಡಿಯನ್ನು ಕೆಳಕ್ಕೊತ್ತುವಾಗ ಕೊನೆಯ ಕಾಲು ಅಂಗುಲದಲ್ಲಿ ಅದು ಒಂದು ಬದಿಗೆ ಎಳೆದಂತೆ ಅವನಿಗೆ ಭಾಸವಾಯಿತಂತೆ. ನಾವು ಅದೇ ಹಿಡಿಯನ್ನು ಹತ್ತು ಬಾರಿ ತಿರುಗಿಸಿದ್ದೆವು, ನಮಗೇನೂ ತೋರಲಿಲ್ಲ. ಪಳಗಿದ ಕೈ ಸಂದೇಹವನ್ನು ಹುಟ್ಟಿಸಬಲ್ಲದು; ಅದು ಅದರ ದೊಡ್ಡ ಗುಣ. ಆದರೆ ಅವನು ಆ ಸಂದೇಹವನ್ನೇ ತೀರ್ಪೆಂದು ಬಗೆಯಲಿಲ್ಲ. ಗಡಸುತನದ ಅಂಕಿಯನ್ನೂ ಅವನು ಒಂದೇ ಕಡೆ ಅಳೆದು ಬಿಡಲಿಲ್ಲ; ಉಪಕರಣವೂ ಮುಟ್ಟಿದ ಜಾಗವನ್ನಷ್ಟೇ ಹೇಳುತ್ತದೆಂದು ಅವನಿಗೆ ಗೊತ್ತಿತ್ತು.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಮನೆಗಳೂ ಲೇತುಗಳ ಸಾಲುಗಳೂ ಇವೆ. ಅಲ್ಲಿ ಎಂಜಿನ್ನಿನ ಭಾಗವೊಂದು ಸಿದ್ಧವಾದರೆ ಅದನ್ನು ಕೈಯಲ್ಲಿ ಸವರಿ "ನಯವಾಗಿದೆ, ಕಳುಹಿಸಿರಿ" ಎನ್ನುವವರಿಲ್ಲ. ಮೈಕ್ರೋಮೀಟರಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ತಿರಸ್ಕಾರದ ಬುಟ್ಟಿಗೆ ಹೋಗುತ್ತದೆ. ಅಲ್ಲಿ ಕೆಲಸ ಮಾಡಿ ಸಂಜೆ ಊರಿಗೆ ಮರಳುವ ಅದೇ ಜನ, ರೈಫಲ್ಲೊಂದನ್ನೋ ಹಳೆಯ ಮೋಟಾರು ಬೈಸಿಕಲ್ಲನ್ನೋ ಕಂಡರೆ ಕೈಯಾಡಿಸಿ ತೀರ್ಪು ಕೊಡುತ್ತಾರೆ. ನಾವಂತೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ವರ್ನಿಯರಿನ ಶೂನ್ಯದೋಷವನ್ನು ಬರೆಯದ ವಿದ್ಯಾರ್ಥಿಯ ಅಂಕ ಕಡಿಯುವವರು. ಪೂಜೆಯ ಮನೆಯಲ್ಲಿ ಆ ಪಾಠ ನಮಗೇ ಮರೆತುಹೋಯಿತು. ಪ್ರಯೋಗಶಾಲೆಯ ಬಾಗಿಲಾಚೆ ಬಂದೊಡನೆ ಅಳತೆ ಅನಾವಶ್ಯಕವೆಂದು ತಿಳಿಯುವಂತೆ ನಾವು ಕಲಿಸುತ್ತಿದ್ದೇವೆಯೋ ಏನೋ ಎಂಬ ಅಳುಕು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ವಿದ್ಯಾರ್ಥಿಗಳಿಗೆ ಇನ್ನೂ ಒಂದನ್ನು ಹೇಳಬೇಕು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕನ್ನು ತಯಾರಿಸುವುದಕ್ಕಷ್ಟೇ ಅಲ್ಲ, ದುರಸ್ತಿ ಮಾಡಲೂ ಪರೀಕ್ಷಿಸಲೂ ಪರವಾನಿಗೆ ಬೇಕು. ಕಾಡಿಗೆಯ ಪರೀಕ್ಷೆ ಸರಳವೆಂದು ಯಾರೂ ಮನೆಯ ಬಂದೂಕನ್ನು ಬಿಚ್ಚಿ ಕೂಡಬಾರದು.

ಹಿರಿಯರು ನಮ್ಮ ಮೇಲೆ ಸಿಟ್ಟಾಗಲಿಲ್ಲ. ಕುಶಲಿಗನ ಮೇಲೆ ಮಾತ್ರ ಬಹುಕಾಲ ಮುನಿಸಿದ್ದರು. ತಂದೆಯ ರೈಫಲ್ಲಿಗೆ ಅವನು ದೋಷ ಹೊರಿಸಿದನೆಂದು. ಮೊಮ್ಮಗ ಹೊಸ ಆ್ಯಕ್ಷನ್ನಿಗಾಗಿ ಹಣ ಕೂಡಿಡುತ್ತಿದ್ದಾನೆ. ಹಳೆಯದರಿಂದ ಇನ್ನು ಗುಂಡು ಹಾರಿಸುವುದಿಲ್ಲವೆಂದು ಮನೆಯವರು ನಿಶ್ಚಯಿಸಿದರು. ಕಳೆದ ಖಂಡೇನವಮಿಗೆ ಹೋದಾಗ ಅದು ಕುಡಗೋಲುಗಳ ಪಕ್ಕದಲ್ಲಿ ಚೆಂಡುಹೂವಿನ ಕೆಳಗೆ ಮಲಗಿತ್ತು. "ಎಳದ ನೋಡ್ರಿ ಮಾಸ್ತರ" ಎಂದರು ಕಾಕಾ. ಎಳೆದು ನೋಡಿದೆವು. ಈಗಲೂ ಹಾಗೆಯೇ ಜಾರುತ್ತದೆ.